ಕ್ರೇನ್ ಬಸಣ್ಣ ಮನೆಗೆ ಬಂದ ಮೇಲೆ

ಪೀಣ್ಯದ ಆ ಉಕ್ಕಿನ ಕಾರ್ಖಾನೆಯಲ್ಲಿ ಬಸಲಿಂಗ ಎಲ್ಲಿದ್ದಾನೆ ಎಂದು ಕೇಳಿದರೆ ಗೇಟಿನವರೂ ತಲೆ ಕೆರೆದುಕೊಳ್ಳುತ್ತಿದ್ದರು. ಕ್ರೇನ್ ಬಸಣ್ಣ ಎಂದರೆ ಮಾತ್ರ ಎಲ್ಲರೂ ಬೆರಳೆತ್ತಿ ಮೇಲೆ ತೋರಿಸುತ್ತಿದ್ದರು. ಶೆಡ್ಡಿನ ಸೂರಿನ ಕೆಳಗೆ ಹಳಿಯ ಮೇಲೆ ಓಡಾಡುವ ದೊಡ್ಡ ಕ್ರೇನು, ಅದಕ್ಕೆ ಅಂಟಿಕೊಂಡ ಗಾಜಿನ ಗೂಡು, ಗೂಡಿನೊಳಗೆ ಬಸಲಿಂಗ. ಕೆಳಗಿನವರು ಕೈಸನ್ನೆ ಮಾಡಿದರೆ ಸಾಕು, ಲಾರಿ ತುಂಬುವಷ್ಟು ಉಕ್ಕಿನ ಹಾಳೆಗಳನ್ನು ಹಸುಗೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇಳಿಸುತ್ತಿದ್ದ.

ಗದಗ ಜಿಲ್ಲೆಯ ರೋಣದ ಕಡೆಯವನು. ಹೆಲ್ಪರನಾಗಿ ಬಂದು ಸೇರಿದವನು ಕೆಲಸ ಕಲಿತು ಆ ಗೂಡಿಗೇರಿದ್ದ. ಮದುವೆಯಾದ ಹೊಸತರಲ್ಲಿ ಚನ್ನಕ್ಕ, ಇಡೀ ದಿನ ಒಬ್ಬರೇ ಅಷ್ಟೆತ್ತರದಲ್ಲಿ ಕೂತು ಏನು ನೋಡುತ್ತೀರಿ ಎಂದು ಕೇಳಿದ್ದಳು.

"ಎಲ್ಲಾರ ನೆತ್ತಿ ನೋಡ್ತೀನಿ," ಎಂದಿದ್ದ ಬಸಲಿಂಗ. "ಯಾರ ತಲಿ ಬೋಳ ಆಗಾಕತ್ತೈತಿ ಅನ್ನೂದು ಅವರ ಹೇಣ್ತಿಗಿಂತ ಮೊದಲ ನನಗ ಗೊತ್ತಾಗತೈತಿ. ನಮ್ಮ ಮ್ಯಾನೇಜರ್ ಸಾಹೇಬಂದು ಈ ವರ್ಷ ಮುಗೀತು ನೋಡು."

ಅವನು ಹಾಗೆಯೇ. ನಗಿಸದೆ ಒಂದು ಹೊತ್ತು ಊಟ ಮುಗಿಸಿದವನಲ್ಲ. ನಾಗಸಂದ್ರದಲ್ಲಿ ಹನುಮಂತರಾಯಪ್ಪನವರ ವಠಾರದಲ್ಲಿ ಅವರ ಮನೆ. ಹಿಂದೆ ಹನುಮಂತರಾಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಸಾಲು ಬಾಡಿಗೆ ಕೋಣೆಗಳು. ಕೋಣೆಗಳ ತುಂಬ ಬಾಗಲಕೋಟೆ, ಕೊಪ್ಪಳ, ರಾಯಚೂರಿನವರು. ಮಾಲೀಕರ ಹೆಂಡತಿ ಭಾಗ್ಯಮ್ಮನಿಗೆ ಮೊದಮೊದಲು ಬಸಲಿಂಗನ ಭಾಷೆ ಅರ್ಥವಾಗುತ್ತಿರಲಿಲ್ಲ. ಬರಬರುತ್ತಾ ಅವನು ಕೆಲಸದಿಂದ ಬರುವ ಹೊತ್ತಿಗೆ ಗೇಟಿನ ಹತ್ತಿರ ಏನಾದರೂ ನೆಪ ಹುಡುಕಿಕೊಂಡು ನಿಲ್ಲುವಷ್ಟು ಅವನ ಮಾತು ರೂಢಿಯಾಯಿತು. ಮಗಳು ಮಹಾದೇವಿ ಹುಟ್ಟಿದ್ದೂ ಬೆಳೆದದ್ದೂ ಅದೇ ವಠಾರದಲ್ಲಿ. ಅವಳು ಅಪ್ಪನೊಡನೆ ಗದಗಿನ ಮಾತು, ಭಾಗ್ಯಮ್ಮನೊಡನೆ ಬೆಂಗಳೂರಿನ ಮಾತು ಆಡುತ್ತಾ, ಎರಡರಲ್ಲೂ ಹಠ ಮಾಡುತ್ತಾ ದೊಡ್ಡವಳಾದಳು.

ಮೊದಲ ಪೆಟ್ಟು ಬಿದ್ದದ್ದು ಕೊರೊನಾ ಬರುವುದಕ್ಕೆ ಕೆಲವು ವರ್ಷ ಮುಂಚೆ, ಆ ಗಾಜಿನ ಗೂಡಿನಲ್ಲೇ. ಕೊಂಡಿಗೆ ಉಕ್ಕಿನ ಹಾಳೆಗಳು ನೇತಾಡುತ್ತಿರುವಾಗ ಎದೆಯ ಮೇಲೆ ಯಾರೋ ಮಂಡಿಯೂರಿ ಕೂತ ಹಾಗೆ ನೋವು. ಕೆಳಗೆ ಹುಡುಗರಿದ್ದರು. ಬಸಲಿಂಗ ಹಲ್ಲು ಕಚ್ಚಿಕೊಂಡು ಭಾರವನ್ನು ನೆಲಕ್ಕೆ ಮುಟ್ಟಿಸಿ, ಆಮೇಲೆ ಹಾರ್ನ್ ಒತ್ತಿ ಹಿಡಿದ. ಹತ್ತಿ ಹೋದವರು ಅವನನ್ನು ಹಗ್ಗ ಕಟ್ಟಿ ಇಳಿಸಿದರು. ಆಸ್ಪತ್ರೆಯಲ್ಲಿ ಮುಚ್ಚಿಹೋದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಡಾಕ್ಟರು ಚನ್ನಕ್ಕನನ್ನು ಕೂರಿಸಿಕೊಂಡು, ಹೃದಯದ ಒಂದು ಭಾಗಕ್ಕೆ ರಕ್ತ ಸಿಗದೆ ಸತ್ತುಹೋಗಿದೆ, ಇನ್ನು ಮುಂದೆ ಉಳಿದ ಭಾಗವೇ ಎಲ್ಲ ಕೆಲಸವನ್ನೂ ಮಾಡಬೇಕು, ಏಣಿ ಹತ್ತುವ ಹಾಗಿಲ್ಲ ಎಂದರು.

ಕಾರ್ಖಾನೆಯವರು ಅವನನ್ನು ಟೂಲ್ ಸ್ಟೋರಿಗೆ ಹಾಕಿದರು. ಕಿಟಕಿಯ ಹಿಂದೆ ಕೂತು ಸ್ಪ್ಯಾನರು, ಡ್ರಿಲ್ಲು ಎತ್ತಿಕೊಡುವ ಕೆಲಸ. ಮೇಲೆ ಕ್ರೇನು ಓಡುವ ಸದ್ದಾದರೆ ಕತ್ತೆತ್ತಿ ನೋಡುತ್ತಿದ್ದನಂತೆ. ಮನೆಯಲ್ಲಿ ಮಾತ್ರ, "ಈಗ ಮಂದೀದು ಮಾರಿ ಕಾಣ್ತಾವ. ನೆತ್ತೀನ ಚೊಲೊ ಇದ್ದವು," ಎನ್ನುತ್ತಿದ್ದ. ಚನ್ನಕ್ಕ ನಗುತ್ತಿದ್ದಳು. ಅವನು ನಿದ್ದೆ ಹೋದ ಮೇಲೆ ಅವನ ಎದೆ ಏರಿಳಿಯುವುದನ್ನು ನೋಡುತ್ತಾ ಮಲಗುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾಯಿತು, ಹಪ್ಪಳ ಉಪ್ಪಿನಕಾಯಿ ಮನೆಯಿಂದಲೇ ಹೋಯಿತು. ಬೆಳಗಿನ ಗುಳಿಗೆ, ಸಂಜೆಯ ಗುಳಿಗೆ ಎಂದು ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಕೊರೊನಾದ ಮೊದಲ ವರ್ಷ ಟಿವಿಯಲ್ಲಿ ಡಾಕ್ಟರುಗಳು ಬಂದು, ಹೃದಯದ ತೊಂದರೆ ಇರುವವರು ಹುಷಾರು, ಅವರಿಗೆ ಈ ರೋಗ ಬಂದರೆ ತೀವ್ರವಾಗುವುದು ಹೆಚ್ಚು ಎಂದು ಹೇಳಿದ್ದನ್ನು ಚನ್ನಕ್ಕ ಒಲೆ ಆರಿಸಿ ಬಂದು ಕೇಳಿದಳು. ಅವತ್ತಿನಿಂದ ಬಸಲಿಂಗನಿಗೆ ಹೊಸ್ತಿಲೇ ಗಡಿ. ಹಾಲು ತರುವವಳು ಅವಳು, ಸಂತೆಗೆ ಹೋಗುವವಳೂ ಅವಳು. ಹೊರಗಿನಿಂದ ಬಂದು ಬಚ್ಚಲಿಗೆ ಹೋಗಿ ಮೈ ತೊಳೆಯದೆ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

"ನನ್ನ ಮುಟ್ಟಾಕ ಇಷ್ಟ್ ಮಡಿ ಲಗ್ನದಾಗೂ ಮಾಡಿರಲಿಲ್ಲ ನೀ," ಎಂದು ಬಸಲಿಂಗ ಚೇಷ್ಟೆ ಮಾಡುತ್ತಿದ್ದ.

ಆ ವರ್ಷ ದಾಟಿತು. ಕಾರ್ಖಾನೆ ಮತ್ತೆ ತೆರೆಯಿತು, ಅವನು ಮತ್ತೆ ಕಿಟಕಿಯ ಹಿಂದೆ ಕೂತ. ಮರುವರ್ಷ ಬೇಸಗೆಯಲ್ಲಿ ಲಸಿಕೆಗೆಂದು ಗಂಡ ಹೆಂಡತಿ ಇಬ್ಬರೂ ಆರೋಗ್ಯ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತರು. ಇನ್ನೇನು ಅವರ ಸರದಿ ಎನ್ನುವಾಗ ಲಸಿಕೆ ಮುಗಿಯಿತು, ಮುಂದಿನ ವಾರ ಬನ್ನಿ ಎಂದರು. ಆ ಮುಂದಿನ ವಾರದೊಳಗೆ ಮೂವರಿಗೂ ಜ್ವರ ಬಂತು.

ಯಾರಿಂದ ಬಂತು ಎನ್ನುವುದು ಕೊನೆಗೂ ತಿಳಿಯಲಿಲ್ಲ. ಸ್ಟೋರಿನ ಕಿಟಕಿಗೆ ಬಂದವರಿಂದಲೋ, ಹಾಲಿನಂಗಡಿಯಿಂದಲೋ, ಆ ಲಸಿಕೆಯ ಸಾಲಿನಿಂದಲೋ. ಮಹಾದೇವಿಗೆ ಎರಡು ದಿನ ಮೈಕೈ ನೋವು, ಮೂಗಿಗೆ ವಾಸನೆ ಇಲ್ಲ. ಆಮೇಲೆ ಎದ್ದು ಮೊಬೈಲಿನಲ್ಲಿ ಕಾಲೇಜಿನ ಪಾಠ ಕೇಳುತ್ತಾ ಕೂತಳು. ಚನ್ನಕ್ಕ ಕೆಮ್ಮುತ್ತಲೇ ಗಂಜಿ ಕಾಯಿಸಿದಳು. ಒಂದೇ ಮನೆ, ಒಂದೇ ರೋಗ. ಬಸಲಿಂಗನಿಗೆ ಮಾತ್ರ ಅದು ಬಿಡಲಿಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲತೊಡಗಿದ. ನಾಡಿ ಓಟ ಕಿತ್ತವರ ಹಾಗೆ ಬಡಿದುಕೊಳ್ಳುತ್ತಿತ್ತು. ಬೆರಳಿಗೆ ಸಿಕ್ಕಿಸುವ ಯಂತ್ರ ತೋರಿಸಿದ ಅಂಕಿ ನೋಡಿ ಮಹಾದೇವಿ ಅಳುತ್ತಾ ಓಡಿಹೋಗಿ ಮಾಲೀಕರ ಬಾಗಿಲು ಬಡಿದಳು.

ಆಂಬುಲೆನ್ಸಿಗೆ ಫೋನು ಸಿಗುತ್ತಿಲ್ಲ. ಆಟೋದವರು ವಠಾರದ ಹೆಸರು ಕೇಳಿಯೇ ಮುಂದೆ ಹೋದರು. ಭಾಗ್ಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತು ಗಂಡನಿಗೆ, "ನೀವು ಓಗ್ಬೇಡಿ, ನಿಮ್ಗೂ ಸಕ್ಕರೆ ಕಾಯ್ಲೆ ಐತೆ, ಎದೆನೋವು ಅಂತ ಪರೀಕ್ಷೆ ಮಾಡ್ಸಿದ್ದು ಮರ್ತೋಯ್ತಾ?" ಎಂದಳು.

ಹನುಮಂತರಾಯಪ್ಪ ಕಾರಿನ ಬೀಗದ ಕೈ ತೆಗೆದುಕೊಂಡೇ ಬಂದಿದ್ದರು. "ಸುಮ್ಕಿರಮ್ಮಿ. ಬಸಣ್ಣ ನಮ್ಮ ಮನೆ ಮನ್ಸ," ಎಂದರು. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಮುಖಕ್ಕೆ ಎರಡು ಮಾಸ್ಕ್ ಹಾಕಿಕೊಂಡು, ಬಸಲಿಂಗನನ್ನು ಹಿಂದೆ ಮಲಗಿಸಿಕೊಂಡು ಹೊರಟರು. ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ಇನ್ನೊಂದರಲ್ಲಿ ಆಮ್ಲಜನಕ ಇಲ್ಲ. ತುಮಕೂರು ರಸ್ತೆಯ ಮೂರನೇ ಆಸ್ಪತ್ರೆಯ ಬಾಗಿಲಲ್ಲಿ ಅವರು ತಮಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿ, ಕೊನೆಗೆ ಕೈ ಮುಗಿದು ನಿಂತ ಮೇಲೆ ಒಂದು ಹಾಸಿಗೆ ಸಿಕ್ಕಿತು.

ವಾರ್ಡಿನೊಳಗೆ ಚನ್ನಕ್ಕನನ್ನು ಬಿಡಲಿಲ್ಲ. ಡಾಕ್ಟರು ಹೊರಗೆ ಬಂದು ಮಾತಾಡಿಸಿದರು. ಚಿಕ್ಕ ವಯಸ್ಸಿನವರು, ಮಾಸ್ಕಿನ ಗೆರೆ ಕೆನ್ನೆಯಲ್ಲಿ ಗಾಯದ ಹಾಗೆ ಕೂತಿತ್ತು.

"ನೋಡಿ ಅಮ್ಮ, ಮುಚ್ಚಿಟ್ಟು ಹೇಳಲ್ಲ. ಸೋಂಕು ಶ್ವಾಸಕೋಶದಲ್ಲಿದೆ. ಆದ್ರೆ ನನಗೆ ಜಾಸ್ತಿ ಯೋಚನೆ ಇರೋದು ಅವರ ಹಾರ್ಟ್‌ದು. ಜ್ವರ ಬಂದಾಗ, ಉಸಿರು ಸಾಲದೇ ಇದ್ದಾಗ ಯಾರ ಹಾರ್ಟ್ ಆದ್ರೂ ಎರಡು ಪಟ್ಟು ಓಡಬೇಕಾಗುತ್ತೆ. ನಿಮ್ಮ ಯಜಮಾನ್ರದ್ದು ಮೊದಲೇ ಅರ್ಧ ಶಕ್ತಿಯಲ್ಲಿ ನಡೀತಿರೋದು. ಅದರ ಮೇಲೆ ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟೋದು ಹೆಚ್ಚು. ಹಾರ್ಟಿಗೆ ಪೆಟ್ಟಾಗಿದೆ ಅಂತ ರಕ್ತಪರೀಕ್ಷೆಯಲ್ಲಿ ಕಾಣ್ತಿದೆ."

"ಗುಳಿಗಿ ಒಂದ್ ದಿನಾನೂ ತಪ್ಪಿಸಿಲ್ರೀ ಡಾಕ್ಟ್ರ," ಎಂದಳು ಚನ್ನಕ್ಕ.

"ಅದಕ್ಕೇ ಇಲ್ಲೀತನಕ ಬಂದಿದ್ದಾರೆ ಅಮ್ಮ," ಎಂದರು ಡಾಕ್ಟರು.

ಒಬ್ಬ ನರ್ಸಮ್ಮ ದಯೆಯಿಟ್ಟು ತನ್ನ ಮೊಬೈಲಿನಲ್ಲಿ ಬಸಲಿಂಗನ ಮುಖ ತೋರಿಸುತ್ತಿದ್ದಳು. ಮಾಸ್ಕಿನೊಳಗಿನಿಂದ ಅವನ ಮಾತು ಬಾವಿಯೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಒಂದು ದಿನ ಅವನು ಪಕ್ಕದ ಸಿಲಿಂಡರು ತೋರಿಸಿ, "ಚನ್ನೀ, ಇದು ನಮ್ಮ ಕಾರ್ಖಾನ್ಯಾಗಿಂದ ಬಂದಿದ್ದ ಇರಬೇಕು. ಉಕ್ಕು ಕೊಯ್ಯೂ ಗ್ಯಾಸ್ ಎಲ್ಲಾ ದವಾಖಾನಿಗೆ ಕೊಟ್ಟಾರಂತ. ನಾ ಎತ್ತಿ ಇಳಿಸಿದ್ದು ನನ್ನ ಹಿಂದ ಬಂತು ನೋಡು," ಎಂದ. ಅಷ್ಟು ಹೇಳುವುದಕ್ಕೆ ಅವನು ನಾಲ್ಕು ಸಲ ನಿಂತ. ಚನ್ನಕ್ಕ ನಕ್ಕಳು. ಮೊಬೈಲು ಆರಿದ ಮೇಲೆ ಮಗಳ ಹೆಗಲಿಗೆ ಹಣೆ ಒತ್ತಿದಳು.

ಆ ವಾರ್ಡಿನಿಂದ ದಿನವೂ ಬಿಳಿಯ ಚೀಲಗಳು ಹೊರಬರುತ್ತಿದ್ದವು. ಆದರೆ ಬಸಲಿಂಗ ತೆವಳಿಕೊಂಡಾದರೂ ದಡ ಸೇರಿದ. ಜ್ವರ ಇಳಿಯಿತು, ಆಮ್ಲಜನಕದ ಅಂಕಿ ಏರಿತು, ಮಾಸ್ಕು ಬಿಚ್ಚಿದರು. ಮತ್ತೆ ಪರೀಕ್ಷೆ ಮಾಡಿದಾಗ ನೆಗೆಟಿವ್ ಬಂತು. ಮನೆಗೆ ಕರೆದುಕೊಂಡು ಹೋಗಿ ಎಂದರು. ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟು, ವಾರದೊಳಗೆ ಹೃದಯದ ಡಾಕ್ಟರಿಗೆ ತೋರಿಸಬೇಕು ಎಂದು ಒತ್ತಿ ಹೇಳಿದರು.

ಅವನು ವಠಾರದ ಗೇಟಿನಲ್ಲಿ ಇಳಿದಾಗ ಕೋಣೆ ಕೋಣೆಯಿಂದಲೂ ಜನ ಹೊರಬಂದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಭಾಗ್ಯಮ್ಮ ಕಣ್ಣೊರೆಸಿಕೊಂಡು, "ಬಸಣ್ಣ, ಕೊರೊನಾ ಗೆದ್ದು ಬಂದ್ಬಿಟ್ರಿ ಕಣ್ರೀ! ಇನ್ನು ಎಂಗಾದ್ರೂ ಸರಿ, ತಿಂದು ಮೈ ತುಂಬ್ಕಳಿ," ಎಂದಳು. ಮಧ್ಯಾಹ್ನ ಮುದ್ದೆ, ಬಸ್ಸಾರು ಬಾಗಿಲಿಗೇ ಬಂತು. ಬಸಲಿಂಗ ಒಂದು ತುತ್ತು ನುಂಗಿ ಸುಸ್ತಾಗಿ ಗೋಡೆಗೆ ಒರಗಿದ.

ಆ ಸುಸ್ತನ್ನು ನೋಡಿ ಯಾರೂ ಹೆದರಲಿಲ್ಲ. ಆ ಬೇಸಗೆಯಲ್ಲಿ ಮನೆಮನೆಯಲ್ಲೂ ಸುಸ್ತಿತ್ತು. ಕೊರೊನಾ ಆದ ಮೇಲೆ ತಿಂಗಳುಗಟ್ಟಲೆ ಹೀಗೇ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಅವನು ಚಪ್ಪಟೆಯಾಗಿ ಮಲಗಲಾರದೆ ಮೂರು ದಿಂಬು ಕೇಳಿದಾಗ ಚನ್ನಕ್ಕನಿಗೆ ಒಳಗೊಳಗೇ ಚುಚ್ಚಿತು. ಅವನ ಕಾಲು ಒತ್ತುವಾಗ ಬೆರಳು ಊರಿದ ಜಾಗದಲ್ಲಿ ಕುಳಿ ಬಿದ್ದದ್ದು ಬೇಗ ತುಂಬಲಿಲ್ಲ. ಅವಳು ಕಾಯಲಿಲ್ಲ. ಮರುದಿನವೇ ಅವನನ್ನು ಹೃದಯದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಸಿಜಿ ತೆಗೆದರು, ಸ್ಕ್ಯಾನ್ ಮಾಡಿದರು. ಹೃದಯ ಮೊದಲಿಗಿಂತ ಸೋತಿದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ ಎಂದು ಹೊಸ ಗುಳಿಗೆ ಬರೆದರು. ಹಾಸಿಗೆ ಕೇಳಿದರೆ ಇಲ್ಲ ಎಂದರು, ಅಲ್ಲೂ ಅರ್ಧ ಆಸ್ಪತ್ರೆ ಕೊರೊನಾದವರಿಗೇ ಹೋಗಿತ್ತು. ಗುಳಿಗೆ ನುಂಗಿ ಎರಡು ದಿನಕ್ಕೆ ಉಸಿರು ಹಗುರವಾಯಿತು, ಕಾಲಿನ ಬಾವು ಇಳಿಯಿತು. ಚನ್ನಕ್ಕ ಎಷ್ಟೋ ದಿನದ ಮೇಲೆ ತಲೆಗೆ ಎಣ್ಣೆ ಹಚ್ಚಿ ಎರೆದುಕೊಂಡಳು.

ಅದು ಒಂದು ಬೆಳಗ್ಗೆ. ಬಸಲಿಂಗ ಬಿಸಿಲಿಗೆಂದು ಬಾಗಿಲ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವನೇ ಬಾಯಿಬಿಟ್ಟು ಜೋಳದ ರೊಟ್ಟಿ ಕೇಳಿದ್ದ. ಚನ್ನಕ್ಕ ಒಳಗೆ ಹಿಟ್ಟು ನಾದಿ ಬಡಿಯುತ್ತಿದ್ದಳು.

"ಚನ್ನೀ, ರೊಟ್ಟಿ ಆತೇನ?"

"ಆತು ತಡೀರಿ. ಒಂದ್ ಒಲಿ, ಎರಡ್ ಕೈ ಅದಾವ ನನಗ," ಎಂದಳು. ದನಿಯಲ್ಲಿ ಸಿಟ್ಟಿನ ಬಣ್ಣವಿತ್ತು, ಒಳಗೆ ಹಿಗ್ಗು. ಗಂಡ ಹಸಿವು ಎನ್ನುತ್ತಿದ್ದಾನೆ! ರೊಟ್ಟಿಗೆ ಹೆಂಚಿನ ಮೇಲೆ ನೀರು ಸವರಿ, ತಿರುವಿ ಹಾಕಿ, ಉಬ್ಬಿದ್ದನ್ನು ತಟ್ಟೆಗಿಟ್ಟು, ಮೇಲೆ ಬದನೆಕಾಯಿ ಪಲ್ಯ ಹಾಕಿಕೊಂಡು ಹೊರಗೆ ಬಂದಳು. ಬಸಲಿಂಗನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ನಿದ್ದೆ ಹತ್ತಿರಬೇಕು ಎಂದುಕೊಂಡಳು. "ಏಳ್ರೀ, ಆರಿ ಹೋಗತೈತಿ," ಎಂದು ಭುಜ ಮುಟ್ಟಿದಳು.

ಅವಳ ಕೂಗಿಗೆ ಮೊದಲು ಬಂದದ್ದು ಮಹಾದೇವಿ. ಅಪ್ಪನನ್ನು ನೆಲಕ್ಕೆ ಮಲಗಿಸಿ ಮೊಬೈಲಿನಲ್ಲಿ ಎಂದೋ ನೋಡಿದ ಹಾಗೆ ಎದೆ ಒತ್ತಿದಳು. ಒತ್ತುತ್ತಾ, "ಅಪ್ಪಾ, ನೋಡಪ್ಪಾ, ಇಲ್ಲಿ ನೋಡು," ಎನ್ನುತ್ತಿದ್ದಳು. ಈ ಸಲ ಆಂಬುಲೆನ್ಸ್ ಬೇಗ ಬಂತು. ತುಮಕೂರು ರಸ್ತೆಯ ಅದೇ ಆಸ್ಪತ್ರೆಯಲ್ಲಿ ಎಲ್ಲ ಮಾಡಿ ನೋಡಿ ಕೈ ಚೆಲ್ಲಿದರು. ಹೃದಯ ನಿಂತುಹೋಗಿದೆ ಎಂದರು.

ಅದೇ ಡಾಕ್ಟರು, ಕೆನ್ನೆಯಲ್ಲಿ ಗೆರೆ ಬಿದ್ದವರು, ಸುದ್ದಿ ಕೇಳಿ ಕೆಳಗಿಳಿದು ಬಂದರು. ಚನ್ನಕ್ಕ ಅವರನ್ನು ಕೇಳಿದಳು: "ಕೊರೊನಾ ಹೋಗೈತಿ ಅಂದಿದ್ರಲ್ರೀ?"

"ಹೋಗಿತ್ತು ಅಮ್ಮ. ಆದ್ರೆ ಹೋಗೋವಾಗ ಹಾರ್ಟಿಗೆ ಮಾಡಿದ ಗಾಯ ಉಳಿದಿತ್ತು. ಕೆಲವರಿಗೆ ವಾಸಿಯಾಗಿ ಮನೆಗೆ ಹೋದ ಮೇಲೂ ಹೀಗಾಗುತ್ತೆ. ಹಳೇ ಹಾರ್ಟ್ ಪೇಷಂಟ್‌ಗಳಿಗೆ ಆ ಅಪಾಯ ಹೆಚ್ಚು."

"ನಾ ಎಲ್ಲಿ ತಪ್ಪಿದ್ನಿರೀ?"

"ನೀವೆಲ್ಲೂ ತಪ್ಪಲಿಲ್ಲ ಅಮ್ಮ," ಎಂದರು. ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ. ತಪ್ಪಿದ್ದರೆ ಹಿಡಿದು ಅಳುವುದಕ್ಕೆ ಏನಾದರೂ ಇರುತ್ತಿತ್ತು ಎನಿಸಿತು.

ನೆಗೆಟಿವ್ ಇದ್ದದ್ದಕ್ಕೆ ದೇಹವನ್ನು ಅವಳ ಕೈಗೆ ಕೊಟ್ಟರು. ಆ ದಿನಗಳಲ್ಲಿ ಎಷ್ಟೋ ಹೆಂಗಸರಿಗೆ ಗಂಡನ ಮುಖ ನೋಡುವುದಕ್ಕೂ ಸಿಗಲಿಲ್ಲ. ಚನ್ನಕ್ಕನಿಗೆ ಅವನ ಮೈ ತೊಳೆಯಲು ಸಿಕ್ಕಿತು, ಹಣೆಗೆ ವಿಭೂತಿ ಹಚ್ಚಲು ಸಿಕ್ಕಿತು. ಲಾಕ್‌ಡೌನಿನ ಪಾಸು ಮಾಡಿಸಿ ಊರಿಗೆ ಒಯ್ದು, ತಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. "ಪುಣ್ಯಾ ಮಾಡಿದ್ದಿ ತಂಗೀ, ಮುಟ್ಟಾಕರ ಸಿಕ್ಕಾನ," ಎಂದು ಊರಿನ ಹೆಂಗಸರು ಹೇಳಿದರು. ಅವಳು ತಲೆಯಾಡಿಸಿದಳು. ಅಂಗೈಗೆ ಅಂಟಿದ ವಿಭೂತಿಯನ್ನು ವಾಪಸು ಬರುವಾಗಲೂ ತೊಳೆದುಕೊಂಡಿರಲಿಲ್ಲ.

ಬೆಂಗಳೂರಿಗೆ ಹಿಂತಿರುಗಿದ್ದು ಮಗಳ ಓದಿಗಾಗಿ. ಕಾರ್ಖಾನೆಯವರು ಕ್ಯಾಂಟೀನಿನಲ್ಲಿ ಅವಳಿಗೆ ಕೆಲಸ ಕೊಟ್ಟರು. ಮೊದಲ ದಿನ ಶೆಡ್ಡಿನ ಪಕ್ಕದಲ್ಲಿ ಹಾದುಹೋಗುವಾಗ ಒಳಗೆ ಕ್ರೇನಿನ ಸದ್ದಾಯಿತು. ಅವಳು ತಲೆ ತಗ್ಗಿಸಿಕೊಂಡು ನಡೆದಳು. ಎಲ್ಲರೂ ಅವಳನ್ನು ಗಟ್ಟಿ ಹೆಂಗಸು ಎಂದರು, ಯಾಕೆಂದರೆ ಅವಳು ಅಳುವುದನ್ನು ಯಾರೂ ನೋಡಲಿಲ್ಲ. ನಿಜಕ್ಕೂ ಅವಳು ಅತ್ತಿರಲಿಲ್ಲ.

ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಕೊರೊನಾ ಮತ್ತೊಮ್ಮೆ ಬಂದು ಹೋಯಿತು. ಈ ಸಲ ಬರಿಯ ನೆಗಡಿಯಂತೆ ಎಂದು ಜನ ಲೆಕ್ಕಕ್ಕೇ ಇಡಲಿಲ್ಲ. ಹನುಮಂತರಾಯಪ್ಪನವರಿಗೂ ಬಂತು, ವಾರದಲ್ಲಿ ವಾಸಿಯಾಯಿತು. ಒಂದು ಸಂಜೆ ಚನ್ನಕ್ಕ ಕೆಲಸದಿಂದ ಬರುವಾಗ ಅವರು ಗೇಟಿನ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಭಾಗ್ಯಮ್ಮ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದರು. ಅವಳ ಕಣ್ಣು ಅವರ ಪಾದದ ಮೇಲೆ ಬಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಕೊಂಡಿತ್ತು.

"ಭಾಗ್ಯಮ್ಮಾರ, ಸಾಹುಕಾರು ಅಂಗಾತ ಮಕ್ಕೊಂಡು ನಿದ್ದಿ ಮಾಡ್ತಾರೇನ್ರೀ?"

"ಇಲ್ಲ ಕಣೆ ಚನ್ನಕ್ಕ. ಕೂತ್ಕಂಡೇ ಮಲಗ್ತಾರೆ. ಗ್ಯಾಸ್ಟ್ರಿಕ್ಕು ಅಂತವ್ರೆ."

ಚನ್ನಕ್ಕ ಚೀಲವನ್ನು ನೆಲಕ್ಕಿಟ್ಟಳು. "ಗ್ಯಾಸ್ ಅಲ್ರೀ ಅದು. ಏಳ್ರೀ, ಈಗ ಹೋಗೂಣು."

"ನಾಳಿಕ್ಕೆ ನೋಡೋಣ ಬಿಡವ್ವ," ಎಂದರು ಹನುಮಂತರಾಯಪ್ಪ.

"ನಾಳಿ ಇಲ್ಲ!" ಎಂದು ಅವಳು ಚೀರಿದ್ದು ಇಡೀ ವಠಾರಕ್ಕೆ ಕೇಳಿಸಿತು. ಕೋಣೆಗಳಿಂದ ಜನ ಇಣುಕಿದರು. ಮಾಲೀಕರ ಎದುರು ಎಂದೂ ದನಿಯೆತ್ತದ ಹೆಂಗಸು ಅವರ ಕೈ ಹಿಡಿದು ಎಬ್ಬಿಸುತ್ತಿದ್ದಳು. ಆಟೋ ಹಿಡಿದದ್ದೂ ಅವಳೇ. ಆಸ್ಪತ್ರೆಯಲ್ಲಿ, ಇವರಿಗೆ ಕೊರೊನಾ ಆಗಿತ್ತು, ಮೊದಲೇ ಎದೆಯ ತೊಂದರೆ ಇತ್ತು ಎಂದು ಎಲ್ಲರಿಗಿಂತ ಮೊದಲು ಹೇಳಿದ್ದೂ ಅವಳೇ. ಆ ಸಲ ಹಾಸಿಗೆಗಳು ಖಾಲಿ ಇದ್ದವು. ಅವತ್ತೇ ದಾಖಲು ಮಾಡಿಕೊಂಡರು. ಹೃದಯಕ್ಕೆ ರಕ್ತ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತಂತೆ. ಸ್ಟೆಂಟ್ ಹಾಕಿದರು, ಶ್ವಾಸಕೋಶದ ನೀರು ಇಳಿಸಿದರು.

ಹನುಮಂತರಾಯಪ್ಪ ಮನೆಗೆ ಬಂದ ದಿನ ಭಾಗ್ಯಮ್ಮ ಅರಿಶಿನ ಸುಣ್ಣ ಕಲಸಿದ ನೀರಿನ ಆರತಿ ತಟ್ಟೆ ಹಿಡಿದು ಗೇಟಿಗೆ ಬಂದಳು. ಚನ್ನಕ್ಕ ಹಿಂದೆ ಸರಿದು ಗೋಡೆಯ ಬಳಿ ನಿಂತಳು. ಗಂಡ ಹೋದವಳು ಇಂಥ ಹೊತ್ತಿನಲ್ಲಿ ಎದುರಿಗೆ ನಿಲ್ಲಬಾರದು ಎನ್ನುವುದು ಅವಳಿಗೆ ಯಾರೂ ಹೇಳಿಕೊಡದೆ ರೂಢಿಯಾಗಿತ್ತು. ಭಾಗ್ಯಮ್ಮ ಅತ್ತಿತ್ತ ನೋಡಿ ಅವಳ ಹತ್ತಿರ ಬಂದು ತಟ್ಟೆಯನ್ನು ಅವಳ ಕೈಗೇ ಇಟ್ಟಳು.

"ನೀನೇ ಎತ್ತು. ನನ್ ಗಂಡನ್ನ ಉಳ್ಸಿದ್ದು ನೀನು ಕಣವ್ವ."

ಚನ್ನಕ್ಕ ಆರತಿ ಎತ್ತಿದಳು. ಹನುಮಂತರಾಯಪ್ಪ ಕೈ ಮುಗಿದರು. ಅವರ ಮುಖದಲ್ಲಿ ರಕ್ತವಾಡುತ್ತಿತ್ತು, ಉಸಿರು ಸಲೀಸಾಗಿತ್ತು. ಅವರು ಒಂದೊಂದೇ ಮೆಟ್ಟಿಲು ಹತ್ತಿ ತಮ್ಮ ಮನೆಯೊಳಗೆ ಹೋದರು, ಹಿಂದೆ ಭಾಗ್ಯಮ್ಮ, "ನಿಧಾನ, ನಿಧಾನ" ಎನ್ನುತ್ತಾ. ಆ ಬಾಗಿಲೊಳಗಿನಿಂದ ಗಂಡಸಿನ ಕೆಮ್ಮು ಕೇಳಿತು, ನೀರು ಕೊಡೇ ಎಂದ ಮಾತು ಕೇಳಿತು.

ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಒಳ್ಳೆಯದಾಯಿತು ಎಂದು ಮನಸ್ಸು ತುಂಬಿ ಬಂದದ್ದು ಸುಳ್ಳಲ್ಲ. ಅದರ ಬೆನ್ನಿಗೇ, ಇವರು ಉಳಿದರು, ನನ್ನವರು ಯಾಕೆ ಉಳಿಯಲಿಲ್ಲ ಎಂಬ ಕುದಿ ಎದ್ದದ್ದೂ ಸುಳ್ಳಲ್ಲ. ತಟ್ಟೆ ವಾಲಿ ಕೆಂಪು ನೀರು ಸೀರೆಯ ಮೇಲೆ ಚೆಲ್ಲಿತು. ಮಹಾದೇವಿ ಓಡಿಬಂದು ತಟ್ಟೆ ತೆಗೆದುಕೊಂಡಳು.

"ಅಮ್ಮಾ? ಏನಾಯ್ತಮ್ಮಾ?"

ಚನ್ನಕ್ಕನಿಗೆ ಅಷ್ಟು ತಿಂಗಳ ಅಳು ಒಮ್ಮೆಗೇ ಬಂತು. ಅವಳು ಗೇಟಿನ ಕಂಬಿ ಹಿಡಿದು ಅಲ್ಲೇ ಕುಸಿದು ಕೂತಳು. ರಸ್ತೆಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ಕಾರ್ಖಾನೆಯ ಜನ ಸೈಕಲ್ಲು ನಿಲ್ಲಿಸಿ ನೋಡಿದರು. ಮಗಳು ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಸುಮ್ಮನಾಗು ಎನ್ನಲಿಲ್ಲ.